ಹಾಜರಿಯ ಆಚೆಗಿನ ಲೆಕ್ಕ: ಆನ್‌ಲೈನ್ ತರಗತಿಯಲ್ಲಿ ಮಗುವಿನ ತೊಡಗುವಿಕೆ

(ಶಿಕ್ಷಕರು ಮತ್ತು ತಂದೆತಾಯಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಆನ್‌ಲೈನ್ ತರಗತಿಯಲ್ಲಿ ಕುಳಿತ ಮಗು ಪಾಠದಲ್ಲಿ ಎಷ್ಟರಮಟ್ಟಿಗೆ ತೊಡಗಿದೆ ಎಂಬುದನ್ನು ಅಳೆಯುವುದು ಹೇಗೆ? ಇದು ಇಂದಿನ ಉಪನ್ಯಾಸದ ವಿಷಯ. ಮೇಲ್ನೋಟಕ್ಕೆ ಇದು ಶಿಕ್ಷಣತಜ್ಞರು ಮಾತ್ರ ಚರ್ಚಿಸಬೇಕಾದ ಪ್ರಶ್ನೆಯೆಂದು ತೋರಬಹುದು. ಆದರೆ ಮುಂಬಯಿಯ ಒಂದೇ ಕೋಣೆಯ ಮನೆಯಲ್ಲಿ, ಅಡುಗೆಯ ಸದ್ದಿನ ನಡುವೆ, ಅಣ್ಣನ ಮೊಬೈಲನ್ನು ಎರವಲು ಪಡೆದು ಪಾಠ ಕೇಳುವ ಮಗುವಿನ ಭವಿಷ್ಯ ಈ ಪ್ರಶ್ನೆಗೆ ನಾವು ಕೊಡುವ ಉತ್ತರವನ್ನು ಬಹುಮಟ್ಟಿಗೆ ಅವಲಂಬಿಸಿದೆ. ಆದಕಾರಣ ಇದು ತಂದೆತಾಯಿಗಳ ಪ್ರಶ್ನೆಯೂ ಹೌದು.

2020ರ ಮಾರ್ಚ್ ತಿಂಗಳಿನಲ್ಲಿ ಕೋವಿಡ್ ನಿಮಿತ್ತ ದೇಶದ ಶಾಲೆಗಳೆಲ್ಲ ಮುಚ್ಚಿದವು. ಅದೇ ತಿಂಗಳ 25ರಿಂದ ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದಿತು. ಕಪ್ಪುಹಲಗೆಯ ಜಾಗದಲ್ಲಿ ಅಂಗೈಯಗಲದ ಪರದೆ ಬಂದು ನಿಂತಿತು. ಆ ಸಂಕಟದ ಕಾಲ ಕಳೆದು ಶಾಲೆಗಳು ಮತ್ತೆ ತೆರೆದಿವೆಯಾದರೂ ಆನ್‌ಲೈನ್ ತರಗತಿ ನಮ್ಮನ್ನು ಬಿಟ್ಟು ಹೋಗಿಲ್ಲ. 2024ರ ನವೆಂಬರ್‌ನಲ್ಲಿ ದೆಹಲಿಯ ವಾಯುಮಾಲಿನ್ಯ ಅಪಾಯದ ಮಟ್ಟವನ್ನು ಮುಟ್ಟಿದಾಗ ಅಲ್ಲಿನ ಶಾಲೆಗಳು ಪುನಃ ಆನ್‌ಲೈನ್ ಪಾಠಕ್ಕೆ ಮೊರೆಹೋದುದನ್ನು ದೆಹಲಿಯ ಕನ್ನಡಿಗರು ಬಲ್ಲರು. ಹೊರನಾಡಿನಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ಕನ್ನಡದ ಅಕ್ಷರಗಳನ್ನು ಕಲಿಸುವ ಅನೇಕ ವಾರಾಂತ್ಯದ ತರಗತಿಗಳು ಇಂದು ನಡೆಯುವುದೂ ಪರದೆಯ ಮೇಲೆಯೇ. ಬೇಕಾದಾಗ ಬಳಸಿಕೊಳ್ಳಬೇಕಾದ ಒಂದು ಸಾಧನವಾಗಿ ಇದು ಉಳಿದುಕೊಂಡಿರುವಾಗ ಅದರ ಫಲವನ್ನು ಅಳೆಯುವ ಬಗೆಯನ್ನೂ ನಾವು ಅರಿತಿರಬೇಕು.

ಒಂದು ಶಬ್ದದ ಸುತ್ತ

ಭಾಷಾಂತರದ ಕೆಲಸದಲ್ಲಿರುವವರಿಗೆ ಕೆಲವು ಶಬ್ದಗಳು ಸುಲಭವಾಗಿ ದಕ್ಕುವುದಿಲ್ಲ. ಶಿಕ್ಷಣದ ಕಡತಗಳಲ್ಲಿ ಇಂಗ್ಲಿಷಿನವರು ‘ಎಂಗೇಜ್‌ಮೆಂಟ್’ ಎಂದು ಬರೆಯುವ ಶಬ್ದ ಅಂಥದೊಂದು. ಇದನ್ನು ‘ಹಾಜರಿ’ ಎಂದರೆ ಸಾಲದು. ‘ಭಾಗವಹಿಸುವಿಕೆ’ ಎಂದರೆ ಅರ್ಧ ಅರ್ಥ ಬರುತ್ತದೆ. ‘ತನ್ಮಯತೆ’ ಎಂದರೆ ಅದು ಯೋಗಿಗೆ ಒಪ್ಪುವ ಮಾತಾಗಿ ಏಳನೆಯ ತರಗತಿಯ ಬಾಲಕನಿಗೆ ಭಾರವಾಗುತ್ತದೆ. ನಮ್ಮ ನಿತ್ಯದ ಮಾತಿನಲ್ಲಿ ಇರುವ ‘ತೊಡಗು’ ಎಂಬ ಕ್ರಿಯಾಪದದಿಂದ ಬಂದ ‘ತೊಡಗುವಿಕೆ’ಯೇ ಇದಕ್ಕೆ ಹೆಚ್ಚು ಸಮೀಪ. ಕಿವಿಗೊಡುವುದು, ಮನಗೊಡುವುದು, ಕೈಹಚ್ಚುವುದು ಎಂದು ನಾವು ಹೇಳುವ ಮೂರನ್ನೂ ಅದು ಒಳಗೊಂಡಿದೆ.

ಶಿಕ್ಷಣಶಾಸ್ತ್ರದ ವಿದ್ವಾಂಸರೂ ಇದನ್ನು ಮೂರು ಮುಖಗಳಿಂದಲೇ ವಿವರಿಸಿದ್ದಾರೆ. ಅಮೆರಿಕದ ಸಂಶೋಧಕರಾದ ಜೆನಿಫರ್ ಫ್ರೆಡ್ರಿಕ್ಸ್, ಫಿಲ್ಲಿಸ್ ಬ್ಲೂಮೆನ್‌ಫೆಲ್ಡ್ ಮತ್ತು ಆಲಿಸನ್ ಪ್ಯಾರಿಸ್ ಅವರು 2004ರಲ್ಲಿ ಪ್ರಕಟಿಸಿದ ವಿಮರ್ಶಾ ಲೇಖನವೊಂದರಲ್ಲಿ ಈ ವಿಂಗಡಣೆಯನ್ನು ಸ್ಪಷ್ಟಪಡಿಸಿದರು. ಮೊದಲನೆಯದು ನಡವಳಿಕೆಯ ಮುಖ. ತರಗತಿಗೆ ಬರುವುದು, ಕೊಟ್ಟ ಕೆಲಸ ಮಾಡುವುದು ಇದಕ್ಕೆ ಸೇರುತ್ತದೆ. ಎರಡನೆಯದು ಭಾವದ ಮುಖ. ಪಾಠದ ಬಗ್ಗೆ ಆಸಕ್ತಿ, ಗುರುಗಳ ಬಗ್ಗೆ ವಿಶ್ವಾಸ, ‘ಇದು ನನ್ನ ತರಗತಿ’ ಎಂಬ ಅಭಿಮಾನ. ಮೂರನೆಯದು ಬುದ್ಧಿಯ ಮುಖ. ಕಠಿಣವಾದುದನ್ನು ಬಿಡದೆ ಹಿಡಿದು ಅರ್ಥಮಾಡಿಕೊಳ್ಳಲು ಮಗು ಪಡುವ ಪ್ರಯತ್ನ. ಈ ಪೈಕಿ ಯಂತ್ರಕ್ಕೆ ಸುಲಭವಾಗಿ ಕಾಣುವುದು ಮೊದಲನೆಯದು, ಅದೂ ಅದರ ಹೊರಗಿನ ಅಂಚು ಮಾತ್ರ. ಇಡೀ ಸಮಸ್ಯೆಯ ಮೂಲ ಇಲ್ಲಿದೆ.

ಹಳೆಯ ಪ್ರಶ್ನೆ, ಹೊಸ ಪರದೆ

ದೂರದಿಂದ ಪಾಠ ಹೇಳಿದಾಗ ಅದು ಮಗುವನ್ನು ಮುಟ್ಟಿತೇ ಎಂಬ ಪ್ರಶ್ನೆ ನಮ್ಮ ದೇಶಕ್ಕೆ ಹೊಸದಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಒಂದು ವರ್ಷ ಕಾಲ ‘ಸೈಟ್’ ಎಂಬ ಉಪಗ್ರಹ ದೂರದರ್ಶನ ಬೋಧನಾ ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ಪ್ರಸಾರವಾದವು. ಆ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಬೆಳಗಿನ ಹೊತ್ತು ಶಾಲಾ ಮಕ್ಕಳಿಗಾಗಿ ಪ್ರಸಾರವಾಗುತ್ತಿದ್ದ ಪಾಠಗಳ ನಾಲ್ಕು ಭಾಷೆಗಳಲ್ಲಿ ಕನ್ನಡವೂ ಇತ್ತು. ಈ ಪ್ರಯೋಗವನ್ನು ನಡೆಸಿದವರು ಎಷ್ಟು ದೂರದರ್ಶನ ಪೆಟ್ಟಿಗೆಗಳು ಕೆಲಸ ಮಾಡಿದವು, ಎಷ್ಟು ಜನ ಮುಂದೆ ಕುಳಿತರು ಎಂಬ ಎಣಿಕೆಗೆ ತೃಪ್ತರಾಗಲಿಲ್ಲ. ಸಮಾಜವಿಜ್ಞಾನಿಗಳನ್ನು ಹಳ್ಳಿಗಳಲ್ಲಿಯೇ ನೆಲೆಸುವಂತೆ ಮಾಡಿ, ನೋಡಿದವರಲ್ಲಿ ಏನು ಬದಲಾಯಿತು ಎಂಬುದನ್ನು ಅಧ್ಯಯನ ಮಾಡಿಸಿದರು. ಪೆಟ್ಟಿಗೆ ಚಾಲೂ ಇರುವುದು ಬೇರೆ, ಪಾಠ ಮನಸ್ಸಿಗೆ ಇಳಿಯುವುದು ಬೇರೆ ಎಂಬ ವಿವೇಕ ಐವತ್ತು ವರ್ಷಗಳ ಹಿಂದೆಯೇ ನಮ್ಮಲ್ಲಿತ್ತು.

ಮುಂದೆ 2004ರ ಸೆಪ್ಟೆಂಬರ್‌ನಲ್ಲಿ ಶಿಕ್ಷಣಕ್ಕಾಗಿಯೇ ಮೀಸಲಾದ ಎಜುಸ್ಯಾಟ್ ಉಪಗ್ರಹದ ಉಡಾವಣೆಯಾಯಿತು. 2017ರಲ್ಲಿ ದೀಕ್ಷಾ ವೇದಿಕೆ ಆರಂಭವಾಯಿತು. 2020ರ ಮೇ ತಿಂಗಳಿನಲ್ಲಿ ‘ಪಿಎಂ ಇ-ವಿದ್ಯಾ’ ಕಾರ್ಯಕ್ರಮವನ್ನು ಪ್ರಕಟಿಸಲಾಯಿತು. ಪ್ರತಿಯೊಂದು ಹೆಜ್ಜೆಯಲ್ಲೂ ತಂತ್ರಜ್ಞಾನ ಮುಂದೆ ಸಾಗಿದೆ. ‘ಸೈಟ್’ ಕಾಲದ ಮಗುವಿಗೆ ಪೆಟ್ಟಿಗೆಯನ್ನು ಮರಳಿ ಪ್ರಶ್ನಿಸುವ ಅವಕಾಶವಿರಲಿಲ್ಲ. ಇಂದಿನ ಮಗುವಿಗೆ ಅದು ಉಂಟು. ಆ ಅವಕಾಶವನ್ನು ಮಗು ಬಳಸುತ್ತಿದೆಯೇ ಎಂಬುದೇ ಇಂದಿನ ನಿಜವಾದ ಅಳತೆ.

ಯಂತ್ರ ಅಳೆಯುವುದೇನನ್ನು?

ಆನ್‌ಲೈನ್ ತರಗತಿಯನ್ನು ನಡೆಸುವ ತಂತ್ರಾಂಶ ತಾನಾಗಿಯೇ ಹಲವು ಲೆಕ್ಕಗಳನ್ನು ಒಪ್ಪಿಸುತ್ತದೆ. ಮಗು ಎಷ್ಟು ಗಂಟೆಗೆ ಒಳಬಂದಿತು, ಎಷ್ಟು ನಿಮಿಷ ಇತ್ತು, ಎಷ್ಟು ಬಾರಿ ಕೈ ಎತ್ತುವ ಗುಂಡಿಯನ್ನು ಒತ್ತಿತು, ಎಷ್ಟು ಸಂದೇಶ ಬರೆಯಿತು ಎಂಬ ವಿವರಗಳು ಪಾಠ ಮುಗಿದ ಕೂಡಲೇ ಪಟ್ಟಿಯಾಗಿ ಬರುತ್ತವೆ. ಈ ಪಟ್ಟಿ ನಿರುಪಯುಕ್ತವಲ್ಲ. ಮೂರು ದಿನ ಒಳಗೇ ಬಾರದ ಮಗುವನ್ನು ಅದು ತೋರಿಸಿಕೊಡುತ್ತದೆ. ಆದರೆ ಅದು ಅಳೆಯುವುದು ಮುಖ್ಯವಾಗಿ ಮೊಬೈಲಿನ ಹಾಜರಿಯನ್ನು, ಮಗುವಿನ ಹಾಜರಿಯನ್ನಲ್ಲ.

ಬೆಳತನಕ ರಾಮಾಯಣ ಕೇಳಿ ರಾಮನಿಗೂ ಸೀತೆಗೂ ಏನು ಸಂಬಂಧ ಎಂದು ಕೇಳಿದವನ ಗಾದೆ ನಮಗೆಲ್ಲ ಗೊತ್ತು. ಇಂದಿನ ತಂತ್ರಾಂಶದ ಲೆಕ್ಕದಲ್ಲಿ ಆತನ ಹಾಜರಿ ನೂರಕ್ಕೆ ನೂರು!

ಇನ್ನೊಂದು ಎಚ್ಚರವೂ ಅಗತ್ಯ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಅವರು 1975ರಲ್ಲಿ ಹಣಕಾಸು ನೀತಿಯ ಸಂದರ್ಭದಲ್ಲಿ ಒಂದು ಸಂಗತಿಯನ್ನು ಗುರುತಿಸಿದರು. ಒಂದು ಅಂಕಿಯನ್ನು ನಿಯಂತ್ರಣದ ಸಾಧನವಾಗಿ ಹಿಡಿದ ಕೂಡಲೇ ಆ ಅಂಕಿ ನಂಬಿಕೆಗೆ ಅರ್ಹವಾಗಿ ಉಳಿಯುವುದಿಲ್ಲ ಎಂಬುದು ಅದರ ತಾತ್ಪರ್ಯ. ಇದು ತರಗತಿಗೂ ಚೆನ್ನಾಗಿ ಅನ್ವಯಿಸುತ್ತದೆ. ನಿಮಿಷಗಳನ್ನು ಎಣಿಸುವುದಾಗಿ ಹೇಳಿದರೆ ಮಗು ಮೊಬೈಲನ್ನು ಚಾಲೂ ಇಟ್ಟು ಆಟಕ್ಕೆ ಹೋಗುತ್ತದೆ. ಸಂದೇಶಗಳನ್ನು ಎಣಿಸುವುದಾಗಿ ಹೇಳಿದರೆ ‘ಹೌದು ಮಿಸ್’, ‘ಸರಿ ಸರ್’ ಎಂಬ ಸಂದೇಶಗಳ ಮಳೆ ಸುರಿಯುತ್ತದೆ. ಇದು ಮಗುವಿನ ಕಪಟವಲ್ಲ. ನಾವು ಏನನ್ನು ಕೇಳಿದೆವೋ ಅದನ್ನೇ ಅದು ಕೊಟ್ಟಿದೆ.

ಸರಾಸರಿಯ ಮರೆಯಲ್ಲಿ

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. 40 ಮಕ್ಕಳ ತರಗತಿಯೊಂದರಲ್ಲಿ ಒಂದು ವಾರದಲ್ಲಿ ಒಟ್ಟು 60 ಉತ್ತರಗಳು ಬಂದವೆಂದಿಟ್ಟುಕೊಳ್ಳಿ. ಸರಾಸರಿ ಪ್ರತಿ ಮಗುವಿಗೆ ಒಂದೂವರೆ ಉತ್ತರ. ವರದಿಯಲ್ಲಿ ಇದು ಸಮಾಧಾನಕರವಾಗಿಯೇ ಕಾಣುತ್ತದೆ. ಈಗ ಆ 60 ಉತ್ತರಗಳನ್ನು ಕೊಟ್ಟವರು ಯಾರು ಎಂದು ನೋಡೋಣ. ಚುರುಕಾದ ಆರು ಮಕ್ಕಳೇ 48 ಉತ್ತರಗಳನ್ನು ಕೊಟ್ಟಿದ್ದರೆ, ಉಳಿದ 34 ಮಕ್ಕಳಿಂದ ಬಂದದ್ದು 12 ಮಾತ್ರ. ಆ ಹನ್ನೆರಡೂ ಬೇರೆ ಬೇರೆ ಮಕ್ಕಳಿಂದ ಬಂದಿವೆಯೆಂದು ಉದಾರವಾಗಿ ಒಪ್ಪಿದರೂ 22 ಮಕ್ಕಳು ಇಡೀ ವಾರ ಒಂದು ಮಾತನ್ನೂ ಆಡಿಲ್ಲ. ಅರ್ಧ ತರಗತಿಗಿಂತ ಹೆಚ್ಚು ಮೌನ. ಆದರೂ ಸರಾಸರಿ ಒಂದೂವರೆ!

ಆದ್ದರಿಂದ ಎಷ್ಟು ಉತ್ತರಗಳು ಬಂದವು ಎಂಬುದಕ್ಕಿಂತ ಎಷ್ಟು ಮಕ್ಕಳಿಂದ ಬಂದವು ಎಂಬುದನ್ನು ಮೊದಲು ಕೇಳಬೇಕು. ಈ ವಾರ ಒಂದು ಕುರುಹನ್ನೂ ತೋರದ ಮಕ್ಕಳ ಹೆಸರುಗಳೇ ಶಿಕ್ಷಕರ ಮೇಜಿನ ಮೇಲೆ ಇರಬೇಕಾದ ಮುಖ್ಯ ಪಟ್ಟಿ. ಸರಾಸರಿ ಶಾಲೆಯ ವರದಿಗೆ ಬೇಕಾಗಬಹುದು. ಮಗುವಿಗೆ ಅದರಿಂದ ಪ್ರಯೋಜನವಿಲ್ಲ.

ಮೌನವಾಗಿರುವ ಮಗುವನ್ನು ಕೂಡಲೇ ನಿರಾಸಕ್ತನೆಂದು ಬರೆದುಕೊಳ್ಳುವುದೂ ತಪ್ಪು. ಪ್ರಥಮ್ ಸಂಸ್ಥೆಯ ಆಶ್ರಯದಲ್ಲಿ ನಡೆಯುವ ‘ಅಸರ್’ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಶಾಲೆಗೆ ದಾಖಲಾದ ಮಕ್ಕಳ ಪೈಕಿ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದವರು 2018ರಲ್ಲಿ ಶೇಕಡಾ 36.5 ಇದ್ದು, 2020ರಲ್ಲಿ ಶೇಕಡಾ 61.8ಕ್ಕೆ ಏರಿದರು. ಏರಿಕೆ ದೊಡ್ಡದೇ. ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಮಕ್ಕಳ ಮನೆಯಲ್ಲಿ ಆಗಲೂ ಅದಿರಲಿಲ್ಲ. ಮನೆಯಲ್ಲಿ ಫೋನ್ ಇದ್ದಮಾತ್ರಕ್ಕೆ ಅದು ಮಗುವಿನ ಕೈಯಲ್ಲಿದೆ ಎಂದೂ ಅಲ್ಲ. ತಂದೆ ಕೆಲಸಕ್ಕೆ ಹೋಗುವಾಗ ಫೋನೂ ಜೊತೆಗೆ ಹೋಗುತ್ತದೆ. ಒಂದೇ ಫೋನನ್ನು ಮೂವರು ಮಕ್ಕಳು ಹಂಚಿಕೊಳ್ಳುವಾಗ ಹೆಣ್ಣುಮಗುವಿನ ಸರದಿ ಅನೇಕ ಮನೆಗಳಲ್ಲಿ ಕೊನೆಗೇ ಬರುತ್ತದೆ.

ಇದನ್ನರಿತೇ ಕರ್ನಾಟಕ ಸರ್ಕಾರ 2020ರ ಆಗಸ್ಟ್‌ನಲ್ಲಿ ಆರಂಭಿಸಿದ ವಿದ್ಯಾಗಮ ಕಾರ್ಯಕ್ರಮದಲ್ಲಿ ಮಕ್ಕಳನ್ನು ಮೊದಲು ಅವರ ಮನೆಯಲ್ಲಿರುವ ಸಾಧನದ ಆಧಾರದ ಮೇಲೆ ವಿಂಗಡಿಸಲಾಯಿತು. ಏನೂ ಇಲ್ಲದವರು, ಸಾದಾ ಫೋನ್ ಇದ್ದವರು, ಇಂಟರ್‌ನೆಟ್ ಸಹಿತ ಸ್ಮಾರ್ಟ್‌ಫೋನ್ ಇದ್ದವರು ಎಂದು ಗುರುತಿಸಿ, ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋಗಿ ಚಿಕ್ಕ ಗುಂಪುಗಳಲ್ಲಿ ಪಾಠ ಮಾಡಿದರು. ಸೋಂಕಿನ ಭೀತಿಯಿಂದಾಗಿ ಅದೇ ವರ್ಷ ಅಕ್ಟೋಬರ್‌ನಲ್ಲಿ ಅದನ್ನು ಸ್ಥಗಿತಗೊಳಿಸಬೇಕಾಯಿತು. ಆದರೂ ಅದರ ಹಿಂದಿನ ತತ್ತ್ವ ಗಮನಾರ್ಹ. ಬಾಗಿಲನ್ನೇ ತಲುಪಲಾಗದ ಮಗುವಿನ ಆಸಕ್ತಿಯನ್ನು ಅಳೆಯುವುದರಲ್ಲಿ ಅರ್ಥವಿಲ್ಲ. ಮೊದಲು ಅಳೆಯಬೇಕಾದ್ದು ಬಾಗಿಲಿಗಿರುವ ದೂರವನ್ನು.

ಕ್ಯಾಮೆರಾ ಮತ್ತು ಮುಖಭಾವ

ಕ್ಯಾಮೆರಾ ತೆರೆದಿದ್ದರೆ ಮಗು ತೊಡಗಿದೆ, ಮುಚ್ಚಿದ್ದರೆ ಇಲ್ಲ ಎಂಬ ಸರಳ ನಂಬಿಕೆ ಹಲವೆಡೆ ಬೇರೂರಿದೆ. ಇಬ್ಬರು ಮಕ್ಕಳನ್ನು ಎಣಿಸಿಕೊಳ್ಳೋಣ. ಇಂಥವರು ಪ್ರತಿಯೊಂದು ತರಗತಿಯಲ್ಲೂ ಇರುತ್ತಾರೆ. ಒಬ್ಬಳು ಕ್ಯಾಮೆರಾದ ಮುಂದೆ ನೆಟ್ಟಗೆ ಕುಳಿತಿದ್ದಾಳೆ. ಕಣ್ಣು ಪರದೆಯ ಮೇಲಿದೆ, ಮನಸ್ಸು ಮುಂದಿನ ವಾರದ ಮದುವೆಯ ಮೇಲಿದೆ. ಇನ್ನೊಬ್ಬ ಕ್ಯಾಮೆರಾವನ್ನು ತೆರೆಯುವುದೇ ಇಲ್ಲ. ಹಿಂದೆ ಒಣಹಾಕಿದ ಬಟ್ಟೆ, ಹಾಸಿಗೆ ಹಿಡಿದ ಅಜ್ಜ, ಬಣ್ಣ ಕಳಚಿದ ಗೋಡೆ. ಇವನ್ನು ನಲವತ್ತು ಮಂದಿಗೆ ತೋರಿಸಲು ಆತನಿಗೆ ಸಂಕೋಚ. ಆದರೆ ಆತನ ನೋಟ್‌ಬುಕ್ಕಿನಲ್ಲಿ ಅಂದಿನ ಲೆಕ್ಕಗಳೆಲ್ಲವೂ ಇವೆ. ತಪ್ಪಿದ ಒಂದನ್ನು ಹೊಡೆದುಹಾಕಿ ಮತ್ತೆ ಮಾಡಿದ್ದೂ ಇದೆ. ಕ್ಯಾಮೆರಾ ಕೊಡುವ ಅಂಕ ಮೊದಲಿನವಳಿಗೆ. ನ್ಯಾಯವಾಗಿ ಅಂಕ ಸಲ್ಲಬೇಕಾದ್ದು ಯಾರಿಗೆಂಬುದನ್ನು ತಾವೇ ಹೇಳಬಹುದು.

ಈಚೆಗೆ ಮುಖಭಾವವನ್ನು ಓದಿ ಗಮನವನ್ನು ಅಳೆಯುತ್ತೇವೆನ್ನುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳೂ ಬಂದಿವೆ. ಮನಶ್ಶಾಸ್ತ್ರಜ್ಞೆ ಲಿಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಅವರ ಸಹೋದ್ಯೋಗಿಗಳು 2019ರಲ್ಲಿ ಪ್ರಕಟಿಸಿದ ವಿಸ್ತೃತ ವಿಮರ್ಶೆಯೊಂದು, ಮುಖದ ಚಲನೆಯಿಂದ ಒಳಗಿನ ಭಾವವನ್ನು ನಂಬಲರ್ಹವಾಗಿ ತಿಳಿಯಲಾಗದೆಂಬ ನಿರ್ಣಯಕ್ಕೆ ಬಂದಿತು. ಹುಬ್ಬು ಗಂಟಿಕ್ಕಿದ ಮಗು ಬೇಸರಗೊಂಡಿರಬಹುದು, ಗಾಢವಾಗಿ ಯೋಚಿಸುತ್ತಲೂ ಇರಬಹುದು. ಐರೋಪ್ಯ ಒಕ್ಕೂಟವು 2024ರಲ್ಲಿ ಅಂಗೀಕರಿಸಿದ ಕೃತಕ ಬುದ್ಧಿಮತ್ತೆಯ ಕಾಯಿದೆಯಲ್ಲಿ, ವೈದ್ಯಕೀಯ ಹಾಗೂ ಸುರಕ್ಷತೆಯ ಕಾರಣಗಳನ್ನು ಹೊರತುಪಡಿಸಿ, ಶಿಕ್ಷಣ ಸಂಸ್ಥೆಗಳಲ್ಲಿ ಯಂತ್ರದ ಮೂಲಕ ಭಾವನೆಗಳನ್ನು ಊಹಿಸುವುದನ್ನು ನಿಷೇಧಿಸಲಾಗಿದೆ. ಈ ನಿಷೇಧ 2025ರ ಫೆಬ್ರುವರಿಯಿಂದ ಜಾರಿಯಲ್ಲಿದೆ.

ನಮ್ಮ ದೇಶದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರ್ಷ ತುಂಬದವರ ಮಾಹಿತಿಯ ಬಳಕೆಗೆ ತಂದೆತಾಯಿಗಳ ಒಪ್ಪಿಗೆಯನ್ನು ವಿಧಿಸುತ್ತದೆ. ಮಕ್ಕಳ ವರ್ತನೆಯ ಮೇಲೆ ನಿಗಾ ಇಡುವುದನ್ನು ನಿರ್ಬಂಧಿಸುತ್ತದೆ. 2025ರ ನವೆಂಬರ್‌ನಲ್ಲಿ ಪ್ರಕಟವಾದ ಇದರ ನಿಯಮಗಳು ಹಂತಹಂತವಾಗಿ ಜಾರಿಗೆ ಬರುವಂಥವು. ಶಿಕ್ಷಣ ಸಂಸ್ಥೆಗಳಿಗೆ ತಮ್ಮ ಶೈಕ್ಷಣಿಕ ಚಟುವಟಿಕೆ ಮತ್ತು ಮಕ್ಕಳ ಸುರಕ್ಷತೆಯ ಮಟ್ಟಿಗೆ ಅವು ವಿನಾಯಿತಿ ನೀಡಿವೆ. ವಿನಾಯಿತಿ ಇದೆಯೆಂದ ಮಾತ್ರಕ್ಕೆ ವಿವೇಚನೆಗೆ ರಜೆ ಕೊಡಲಾಗದು. ಯಾವ ಮಾಹಿತಿಯನ್ನು ಏಕೆ ಸಂಗ್ರಹಿಸುತ್ತೀರಿ, ಎಷ್ಟು ಕಾಲ ಇಟ್ಟುಕೊಳ್ಳುತ್ತೀರಿ ಎಂದು ಶಾಲೆಯನ್ನು ಕೇಳುವುದು ತಂದೆತಾಯಿಗಳ ಕರ್ತವ್ಯ. ಉಗುರಿನಿಂದ ಆಗುವ ಕೆಲಸಕ್ಕೆ ಕೊಡಲಿ ಎತ್ತಬೇಕಾಗಿಲ್ಲ.

ಶಿಕ್ಷಕರ ಕೈಯಲ್ಲಿರುವ ಸಾಧನಗಳು

ಹಾಗಾದರೆ ಉಗುರಿನಿಂದ ಆಗುವ ಕೆಲಸ ಯಾವುದು? ಖರ್ಚಿಲ್ಲದ, ಯಾವ ಶಿಕ್ಷಕರೂ ನಾಳೆಯಿಂದಲೇ ಅನುಸರಿಸಬಹುದಾದ ಕೆಲವು ಕ್ರಮಗಳನ್ನು ಇಲ್ಲಿ ಸೂಚಿಸಬಯಸುತ್ತೇನೆ.

ಮೊದಲನೆಯದಾಗಿ, ಹಾಜರಿಯನ್ನು ಒಂದೇ ಬಾರಿ ತೆಗೆದುಕೊಳ್ಳದೆ ಆರಂಭ, ಮಧ್ಯ ಮತ್ತು ಅಂತ್ಯದಲ್ಲಿ ಗಮನಿಸಬೇಕು. ನಡುವೆ ಕಳಚಿಹೋದ ಮಗುವಿನ ಹೆಸರಿನ ಮುಂದೆ ಕಾರಣವನ್ನೂ ಬರೆಯಬೇಕು: ನೆಟ್‌ವರ್ಕ್ ಇಲ್ಲ, ಡೇಟಾ ಮುಗಿಯಿತು, ಫೋನ್ ಬೇರೆಯವರಿಗೆ ಬೇಕಾಯಿತು, ಕಾರಣ ತಿಳಿಯದು. ಕೊನೆಯ ಕಾರಣ ಮಾತ್ರ ತೊಡಗುವಿಕೆಯ ಪ್ರಶ್ನೆ; ಉಳಿದವು ಸೌಕರ್ಯದ ಪ್ರಶ್ನೆಗಳು.

ಎರಡನೆಯದಾಗಿ, ಒಬ್ಬರನ್ನು ಕೇಳುವ ಪ್ರಶ್ನೆಗೆ ಬದಲಾಗಿ ಎಲ್ಲರಿಂದಲೂ ಉತ್ತರ ಪಡೆಯುವ ಪ್ರಶ್ನೆಯನ್ನು ಪ್ರತಿ ಹತ್ತು ನಿಮಿಷಕ್ಕೊಮ್ಮೆ ಹಾಕಬೇಕು. ಎಲ್ಲರೂ ಉತ್ತರವನ್ನು ಬರೆದಿಟ್ಟುಕೊಂಡು, ಗುರುಗಳು ಹೇಳಿದಾಗ ಒಟ್ಟಿಗೆ ಕಳುಹಿಸಲಿ. ಹೀಗೆ ಮಾಡಿದರೆ ಪಕ್ಕದವರ ಉತ್ತರ ನೋಡಿ ಬರೆಯುವ ಪ್ರಮೇಯವಿರುವುದಿಲ್ಲ. ಸಂಕೋಚದ ಮಗುವಿಗೂ ಮರೆಯಲ್ಲಿ ನಿಂತು ಉತ್ತರಿಸುವ ಧೈರ್ಯ ಬರುತ್ತದೆ.

ಮೂರನೆಯದಾಗಿ, ಕಾಯಬೇಕು. ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ ಅವರು 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆಂದು ಕಂಡುಕೊಂಡರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ದೀರ್ಘವಾದವು. ಉತ್ತರಿಸದೆ ಉಳಿಯುವವರು ಕಡಿಮೆಯಾದರು. ಧ್ವನಿ ತಡವಾಗಿ ತಲುಪುವ, ಮಗು ಮೈಕನ್ನು ತೆರೆದು ಮಾತನಾಡಬೇಕಾದ ಆನ್‌ಲೈನ್ ತರಗತಿಯಲ್ಲಿ ಇನ್ನೂ ಹೆಚ್ಚು ತಾಳ್ಮೆ ಅಗತ್ಯವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ನಾವು ಕಾಯದೆ ‘ಯಾರೂ ಉತ್ತರಿಸಲಿಲ್ಲ’ ಎಂದು ಬರೆದುಕೊಂಡರೆ ಅಳತೆಯಾದದ್ದು ನಮ್ಮ ಅವಸರವೇ ವಿನಾ ಮಕ್ಕಳ ಆಸಕ್ತಿಯಲ್ಲ.

ನಾಲ್ಕನೆಯದಾಗಿ, ಪಾಠದ ಕೊನೆಯ ಮೂರು ನಿಮಿಷ ಎರಡು ವಾಕ್ಯಗಳಿಗೆ ಮೀಸಲಾಗಿರಲಿ: ‘ಇಂದು ನನಗೆ ತಿಳಿದದ್ದು’ ಮತ್ತು ‘ನನಗೆ ಇನ್ನೂ ತಿಳಿಯದ್ದು’. ಎರಡನೆಯ ವಾಕ್ಯ ಹೆಚ್ಚು ಬೆಲೆಯುಳ್ಳದ್ದು. ತನಗೆ ತಿಳಿಯದ್ದು ಯಾವುದೆಂದು ಖಚಿತವಾಗಿ ಹೇಳಬಲ್ಲ ಮಗು ಪಾಠದೊಳಗೇ ಇದೆ.

ಐದನೆಯದಾಗಿ, ವಾರಕ್ಕೊಮ್ಮೆ ನೋಟ್‌ಬುಕ್ಕಿನ ಒಂದು ಪುಟದ ಚಿತ್ರ ತರಿಸಿ ನೋಡಬೇಕು. ಯಾವ ಕುರುಹೂ ದೊರೆಯದ ಮಕ್ಕಳಿಗೆ ಎರಡು ನಿಮಿಷದ ದೂರವಾಣಿ ಕರೆ ಮಾಡಬೇಕು. ಆ ಕರೆ ವಿಚಾರಣೆಯ ಧ್ವನಿಯಲ್ಲಿ ಇರಬಾರದು. ‘ಏಕೆ ಮಾತನಾಡಲಿಲ್ಲ?’ ಎಂಬುದಕ್ಕಿಂತ ‘ನಿನಗೆ ಏನು ಅಡ್ಡಿಯಾಗುತ್ತಿದೆ ಮಗು?’ ಎಂಬ ಪ್ರಶ್ನೆ ಹೆಚ್ಚು ಸತ್ಯವನ್ನು ಹೊರತರುತ್ತದೆ.

ಪಾಠದ ಅವಧಿಯ ವಿಷಯವಾಗಿಯೂ ಒಂದು ಮಾತು. ಅಂದಿನ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯವು 2020ರ ಜುಲೈನಲ್ಲಿ ಹೊರಡಿಸಿದ ‘ಪ್ರಜ್ಞಾತಾ’ ಮಾರ್ಗಸೂಚಿಯಲ್ಲಿ 1ರಿಂದ 8ನೆಯ ತರಗತಿಯವರೆಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ಅವಧಿಗಳನ್ನೂ, 9ರಿಂದ 12ನೆಯ ತರಗತಿಯವರೆಗೆ ಅಂಥ ನಾಲ್ಕು ಅವಧಿಗಳನ್ನೂ ಮೀರಬಾರದೆಂದು ಸಲಹೆ ಮಾಡಲಾಗಿತ್ತು. ಐದು ಗಂಟೆ ಪರದೆಯ ಮುಂದೆ ಕೂರಿಸಿ ಆರನೆಯ ಗಂಟೆಯಲ್ಲಿ ಗಮನ ಕಡಿಮೆಯಾಯಿತೆಂದು ದೂರುವುದು ಸರಿಯಲ್ಲ.

ಮನೆಯವರ ಪಾತ್ರ

ತಂದೆತಾಯಿಗಳಲ್ಲಿ ಒಂದು ವಿನಂತಿ. ಸಂಜೆ ಮನೆಗೆ ಬಂದೊಡನೆ ‘ಕ್ಲಾಸು ಆಯಿತೇ?’ ಎಂದು ಕೇಳುತ್ತೇವೆ. ‘ಆಯಿತು’ ಎಂಬ ಉತ್ತರ ಬರುತ್ತದೆ. ಇದು ಹಾಜರಿಯ ಪ್ರಶ್ನೆ, ಹಾಜರಿಯ ಉತ್ತರ. ಅದರ ಬದಲು ‘ಇವತ್ತು ನಿಮ್ಮ ಟೀಚರ್ ಏನು ಕೇಳಿದರು? ನೀನು ಏನು ಹೇಳಿದೆ?’ ಎಂದು ಕೇಳಿ ನೋಡಿ. ಉತ್ತರ ಬೇರೆಯೇ ಆಗಿರುತ್ತದೆ.

ಹೊರನಾಡ ಕನ್ನಡಿಗರಾದ ನಮಗೆ ಇನ್ನೊಂದು ಉತ್ತಮ ಅಳತೆಗೋಲು ಮನೆಯಲ್ಲಿಯೇ ಇದೆ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಪುಣೆಯಲ್ಲಿ ಇಂಗ್ಲಿಷ್ ಅಥವಾ ಮರಾಠಿಯಲ್ಲಿ, ಚೆನ್ನೈಯಲ್ಲಿ ಇಂಗ್ಲಿಷ್ ಅಥವಾ ತಮಿಳಿನಲ್ಲಿ, ಹೈದರಾಬಾದಿನಲ್ಲಿ ಇಂಗ್ಲಿಷ್ ಅಥವಾ ತೆಲುಗಿನಲ್ಲಿ ಪಾಠ ಕೇಳುತ್ತಾರೆ. ಆ ಪಾಠವನ್ನು ಮನೆಯಲ್ಲಿ ಅಜ್ಜಿಗೆ ಕನ್ನಡದಲ್ಲಿ ಹೇಳಲು ಮಗುವಿಗೆ ತಿಳಿಸಿ. ಗಿಡ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳುವುದು ಹೇಗೆ, ಭಿನ್ನರಾಶಿಗಳನ್ನು ಕೂಡುವುದು ಹೇಗೆ ಎಂದು ಮಗು ವಿವರಿಸಲಿ. ಭಾಷಾಂತರದ ಕಸುಬಿನಲ್ಲಿ ದಿನವೂ ಅನುಭವಕ್ಕೆ ಬರುವ ಸಂಗತಿಯೊಂದುಂಟು: ಕಂಠಪಾಠವಾದ ವಾಕ್ಯವನ್ನು ಅದೇ ಭಾಷೆಯಲ್ಲಿ ಒಪ್ಪಿಸಬಹುದು, ಅರ್ಥವಾದ ವಾಕ್ಯವನ್ನು ಮಾತ್ರ ಇನ್ನೊಂದು ಭಾಷೆಗೆ ದಾಟಿಸಬಹುದು. ಹೇಳುವಾಗ ಮಗುವಿಗೆ ಕನ್ನಡದ ಪಾರಿಭಾಷಿಕ ಶಬ್ದ ಸಿಗದೆ ‘ಆಕ್ಸಿಜನ್’ ಎಂದರೆ ಚಿಂತೆಯಿಲ್ಲ. ಶಬ್ದಕ್ಕಾಗಿ ತಡಕಾಡುವುದು ಬೇರೆ, ಅರ್ಥಕ್ಕಾಗಿ ತಡಕಾಡುವುದು ಬೇರೆ. ಈ ವ್ಯತ್ಯಾಸ ಅಜ್ಜಿಗೆ ತಿಳಿಯುತ್ತದೆ. ‘ಅದು ಹೇಗಪ್ಪಾ?’ ಎಂದು ಆಕೆ ಕೇಳುವ ಒಂದು ಪ್ರಶ್ನೆಗೆ ಹತ್ತು ನಿಮಿಷ ಉತ್ತರ ಹುಡುಕುವ ಮಗು ಪಾಠದಲ್ಲಿ ಪೂರ್ಣವಾಗಿ ತೊಡಗಿದೆ. ಕನ್ನಡವೂ ಇದರಿಂದ ಉಳಿಯುತ್ತದೆ ಎಂಬುದು ಹೆಚ್ಚಿನ ಲಾಭ.

ಅಳತೆಯ ಉದ್ದೇಶ

ಕಡೆಯದಾಗಿ, ನಾವು ಅಳೆಯುವುದು ಏತಕ್ಕಾಗಿ ಎಂಬ ಪ್ರಶ್ನೆ ಉಳಿಯುತ್ತದೆ. ಮೇಲೆ ಹೇಳಿದ ಪ್ರಜ್ಞಾತಾ ಮಾರ್ಗಸೂಚಿಯ ಹೆಸರು ಎಂಟು ಹೆಜ್ಜೆಗಳ ಇಂಗ್ಲಿಷ್ ಮೊದಲಕ್ಷರಗಳಿಂದ ಕೂಡಿದೆ: ಯೋಜನೆ, ಪರಿಶೀಲನೆ, ವ್ಯವಸ್ಥೆ, ಮಾರ್ಗದರ್ಶನ, ಮಾತುಕತೆ, ಕೆಲಸ ವಹಿಸುವುದು, ಪ್ರಗತಿಯ ಜಾಡು ಹಿಡಿಯುವುದು ಮತ್ತು ಮೆಚ್ಚುಗೆ. ಅಳೆಯುವ ಹೆಜ್ಜೆ ಏಳನೆಯದು. ಅದಕ್ಕೆ ಮೊದಲು ಮಾತುಕತೆಯಿದೆ, ಅದರ ನಂತರ ಮೆಚ್ಚುಗೆಯಿದೆ. ಶಿಕ್ಷೆಗೆ ಅಲ್ಲಿ ಸ್ಥಳವಿಲ್ಲ. ಈ ಅನುಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು. ಅರ್ಧದಷ್ಟು ತಪ್ಪುಗಳು ತಾವಾಗಿಯೇ ದೂರವಾಗುತ್ತವೆ.

ಅಳತೆಯನ್ನು ಎರಡು ಬಗೆಯಾಗಿ ಬಳಸಬಹುದು. ತಪ್ಪಿತಸ್ಥರನ್ನು ಹಿಡಿಯಲು ಬಳಸಿದರೆ ಮಕ್ಕಳು ಅಳತೆಯನ್ನೇ ವಂಚಿಸಲು ಕಲಿಯುತ್ತಾರೆ. ನಮ್ಮ ಕೈಯಲ್ಲಿ ಸುಳ್ಳು ಅಂಕಿಗಳು ಉಳಿಯುತ್ತವೆ. ಹಿಂದೆ ಉಳಿದವರನ್ನು ಹುಡುಕಲು ಬಳಸಿದರೆ ಮಕ್ಕಳೇ ಬಂದು ತಮ್ಮ ಕಷ್ಟ ಹೇಳುತ್ತಾರೆ; ಅಂಕಿಗಳೂ ನಿಜವಾಗುತ್ತವೆ. ಮಾಡುವ ಎಣಿಕೆ ಒಂದೇ, ಹೇಳುವ ಧ್ವನಿ ಬೇರೆ.

ಶಾಲೆಯ ಅಂಗಳದಿಂದ ಮಗು ಕಾಣೆಯಾದರೆ ಊರೇ ಹುಡುಕುತ್ತದೆ. ಪರದೆಯ ಮೇಲೆ ಹೆಸರು ಬೆಳಗುತ್ತಿದ್ದು ಮಗು ಕಾಣೆಯಾದರೆ ಯಾರಿಗೂ ತಿಳಿಯುವುದಿಲ್ಲ; ವರ್ಷದ ಕೊನೆಗೆ ಅದು ಓದಲಾರದೆ, ಲೆಕ್ಕ ಮಾಡಲಾರದೆ ನಿಂತಾಗ ಮಾತ್ರ ತಿಳಿಯುತ್ತದೆ. ಆ ಹೊತ್ತಿಗೆ ತಡವಾಗಿರುತ್ತದೆ. ಅಷ್ಟು ತಡವಾಗದಂತೆ ನೋಡಿಕೊಳ್ಳುವ ಸಾಧನ ಈ ಮಾಪನ. ಈ ವಾರ ಒಂದು ಮಾತನ್ನೂ ಆಡದ ಮಗು ಯಾವುದೆಂದು ಶಿಕ್ಷಕರು ಹೆಸರು ಹಿಡಿದು ಹೇಳಬಲ್ಲರೆ, ಇವತ್ತಿನ ಪಾಠ ಏನೆಂದು ಮಗುವಿನ ಬಾಯಿಂದಲೇ ತಂದೆತಾಯಿಗಳು ಕೇಳಿಸಿಕೊಂಡಿದ್ದರೆ, ಆ ತರಗತಿ ಪರದೆಯ ಮೇಲೆ ನಡೆದರೂ ತರಗತಿಯೇ.